ಮದ್ದಿಲ್ಲದ ಜ್ವರ, ನಿದ್ದೆಯಿಲ್ಲದ ಪಾಳಿ

ಸಿದ್ದಾಪುರ ತಾಲ್ಲೂಕಿನ ಮಗ್ಗುಲಿಗೆ ಸೊರಬ. ನಡುವೆ ಇರೋದು ಕಾಡು. 1956ರ ಅಕ್ಟೋಬರ್ ಕೊನೆಯ ತನಕ ಆ ಕಾಡಿನ ಈಚೆಗೆ ಮುಂಬಯಿ ರಾಜ್ಯ, ಆಚೆಗೆ ಮೈಸೂರು ರಾಜ್ಯ. ನವೆಂಬರ್ 1ರಂದು ಎರಡೂ ಕಡೆಯವರು ಒಂದೇ ರಾಜ್ಯದವರಾದರು. ಅದಾಗಿ ಐದು ತಿಂಗಳಿಗೆ, 1957ರ ಮಾರ್ಚಿನಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲ ಹಳ್ಳಿಯವರು ಜ್ವರ ಹಿಡಿದು ಮಲಗಿದ್ದಾರೆ ಅನ್ನೋ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಮೊದಲು ಎಲ್ಲರಿಗೂ ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ಜ್ವರ ಭಾರತಕ್ಕೆ ಬಂತೇ ಎಂದು ವಿಜ್ಞಾನಿಗಳು ಓಡಿಬಂದರು. ನೋಡಿದರೆ ಅದಲ್ಲ, ಯಾರೂ ಕಂಡಿರದ ಹೊಸ ವೈರಸ್. ಹೊತ್ತು ತರುವುದು ಉಣುಗು. ಪುಸ್ತಕದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಕಡೆ ಬಾಯಲ್ಲಿ ಮಂಗನ ಕಾಯಿಲೆ. ಕಾಡಿಗೆ ರಾಜ್ಯದ ಗಡಿ ಯಾವತ್ತೂ ಇರಲಿಲ್ಲವಾದ್ದರಿಂದ ಅದು ಸಿದ್ದಾಪುರಕ್ಕೂ ಬಂತು, ಉತ್ತರ ಕನ್ನಡದ ಉಳಿದ ಕಡೆಗೂ ಹೋಯಿತು.

ಈ ಕಥೆಯನ್ನು ಮಂಗನ ಕಡೆಯಿಂದ, ಉಣುಗಿನ ಕಡೆಯಿಂದ, ವಿಜ್ಞಾನಿಗಳ ಕಡೆಯಿಂದ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಮಂಚದ ಪಕ್ಕದಿಂದ ಹೇಳಿದವರು ಕಡಿಮೆ. ಮಂಗನ ಕಾಯಿಲೆಗೆ ನೇರವಾಗಿ ನಾಟುವ ಔಷಧಿ ಇವತ್ತಿಗೂ ಇಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಲಸಿಕೆಯೂ ಪರಿಣಾಮ ಸಾಲದು ಎಂದು 2022ರಲ್ಲಿ ನಿಂತುಹೋಯಿತು. ಹಾಗಾದರೆ ಆಸ್ಪತ್ರೆಯಲ್ಲಿ ಏನು ಮಾಡ್ತಾರೆ? ಡ್ರಿಪ್ ಏರಿಸ್ತಾರೆ, ಜ್ವರ ನೋಡ್ತಾರೆ, ಬಿಪಿ ಬೀಳುತ್ತಾ ಎಂದು ಗಮನಿಸ್ತಾರೆ, ವಸಡಿನಲ್ಲಿ ರಕ್ತ ಬಂತಾ ಎಂದು ಬಾಯಿ ತೆರೆಸಿ ನೋಡ್ತಾರೆ, ಪ್ಲೇಟ್‌ಲೆಟ್ ಲೆಕ್ಕ ಇಡ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರಳುತ್ತೆ, ಆಗ ನಡುಕ, ತಲೆಸಿಡಿತ, ಕಣ್ಣು ಮಂಜು. ಇಂಥ ಕಾಯಿಲೆಯಲ್ಲಿ ನೋಡಿಕೊಳ್ಳುವುದೇ ಚಿಕಿತ್ಸೆ. ಡಾಕ್ಟರು ದಿನಕ್ಕೆ ಎರಡು ಸಲ ರೌಂಡ್ಸಿಗೆ ಬಂದಾರು. ರಾತ್ರಿ ಎರಡೂವರೆಗೆ ಬಿಪಿ ಬಿದ್ದದ್ದನ್ನು ಮೊದಲು ಕಾಣುವ ಕಣ್ಣು ನರ್ಸಿನದು. ಆ ಕಣ್ಣು ಎಷ್ಟು ಹೊತ್ತಿನಿಂದ ತೆರೆದಿದೆ ಅನ್ನೋದು ಹಾಗಾಗಿ ರೋಗಿಯ ಜೀವದ ಪ್ರಶ್ನೆಯೂ ಹೌದು.

2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಈ ಜ್ವರ ಮತ್ತೆ ಎದ್ದಿತು, ಸಾವೂ ಆಯಿತು. ಸ್ಥಿತಿ ಬಿಗಡಾಯಿಸಿದವರನ್ನು ಸಾಗಿಸುವುದು ಮಣಿಪಾಲಕ್ಕೆ, ಶಿವಮೊಗ್ಗಕ್ಕೆ. ಶಿರಸಿಯವರು, ಯಲ್ಲಾಪುರದವರು ಬೇರೆ ಯಾವುದೇ ದೊಡ್ಡ ಕಾಯಿಲೆಗಾದರೆ ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂಬ ಕೂಗು ಎಷ್ಟು ವರ್ಷದಿಂದ ಇದೆ ಅನ್ನೋದು ನಮ್ಮ ಕಡೆಯವರ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆಲ್ಲ ಗೊತ್ತು. ಹೀಗೆ ನಾವು ಘಟ್ಟ ಇಳಿದೋ ಬಯಲು ದಾಟಿಯೋ ಸೇರುವ ಆಸ್ಪತ್ರೆಗಳು ಬಹುಪಾಲು ಬೋಧನಾ ಆಸ್ಪತ್ರೆಗಳು. ಬೋಧನಾ ಆಸ್ಪತ್ರೆ ಅಂದಮೇಲೆ ವಾರ್ಡಿನಲ್ಲಿ ವಿದ್ಯಾರ್ಥಿಗಳು ಇದ್ದೇ ಇರ್ತಾರೆ. ನಮ್ಮ ಅಜ್ಜಿಯ ಕೈ ಹಿಡಿದು ನರ ಹುಡುಕುವ ಹುಡುಗಿ ನಮ್ಮದೇ ಪಕ್ಕದೂರಿನವಳಾಗಿರಲೂಬಹುದು. ಪಿಯುಸಿ ಮುಗಿಸಿ ಬಿ.ಎಸ್ಸಿ. ನರ್ಸಿಂಗ್ ಎಂದು ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿಗೆ ಹೋದವರು ಈಗ ನಮ್ಮ ಮೂರೂ ತಾಲ್ಲೂಕಿನ ಬಹಳ ಊರುಗಳಲ್ಲಿ ಸಿಗುತ್ತಾರೆ.

ನಮ್ಮ ಚಿಕ್ಕಪ್ಪನ ಮಗಳು ಅವರಲ್ಲೊಬ್ಬಳು. ನಾಲ್ಕು ವರ್ಷ ಬಿ.ಎಸ್ಸಿ., ಆಮೇಲೆ ಒಂದು ವರ್ಷ ಕೆಲಸ, ಯಾಕಂದ್ರೆ ಆ ಅನುಭವ ಇಲ್ಲದೆ ಎಂ.ಎಸ್ಸಿ.ಗೆ ಸೇರಿಸಿಕೊಳ್ಳೋದಿಲ್ಲ. ಈಗ ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಹಗಲು ಕ್ಲಾಸು, ವಾರ್ಡು, ಕಿರಿಯರಿಗೆ ಪಾಠ ಮಾಡುವ ಅಭ್ಯಾಸ, ಡಿಸರ್ಟೇಶನ್. ಫೀಸಿನ ಸಾಲ ಇದೆ ಎಂದು ವಾರಕ್ಕೆ ಮೂರು ರಾತ್ರಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ. "ರಾತ್ರಿ ಪಾಳಿ ಮುಗಿಸಿ ಬಂದ್ರೂ ನಿದ್ದೆ ಬತ್ತಿಲ್ಲೆ ಅಣ್ಣಾ" ಅಂದಳು ಫೋನಿನಲ್ಲಿ. ಆಮೇಲೆ ನಗುತ್ತಾ ಇನ್ನೊಂದು ಸುದ್ದಿ ಹೇಳಿದಳು. ಕಾಲೇಜಿನಲ್ಲಿ ಅವರಿಗೆಲ್ಲ ಬರ್ನ್‌ಔಟ್ ತಡೆಯುವುದು ಹೇಗೆ, ರೆಸಿಲಿಯನ್ಸ್ ಬೆಳೆಸಿಕೊಳ್ಳುವುದು ಹೇಗೆ ಅಂತ ಒಂದು ಕಾರ್ಯಾಗಾರ ಇಟ್ಟಿದ್ದಾರೆ. ಇಟ್ಟಿರುವುದು ಅವಳಿಗೆ ವಾರದಲ್ಲಿ ಸಿಗುವ ಒಂದೇ ರಜೆಯ ದಿನ.

ಬರ್ನ್‌ಔಟ್ ಅನ್ನೋ ಪದ ನಮ್ಮದು, ಸಾಫ್ಟ್‌ವೇರಿನವರದು ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ರಿಲೀಸ್ ಮುಗಿದ ಮಾರನೇ ವಾರ ಎಚ್ಆರ್ ಕಳಿಸುವ ಮೇಲ್‌ನಲ್ಲಿ ಇರುತ್ತಲ್ಲ ಅದು. ಪದದ ಹುಟ್ಟು ಮಾತ್ರ ಆಸ್ಪತ್ರೆಯಲ್ಲಿ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ. ಹಗಲು ತನ್ನ ಸ್ವಂತ ಪ್ರಾಕ್ಟೀಸು, ಸಂಜೆಯಿಂದ ತಡರಾತ್ರಿ ತನಕ ಅಲ್ಲಿ ಬಿಟ್ಟಿ ದುಡಿತ. ಬರುತ್ತಿದ್ದವರಲ್ಲಿ ಮಾದಕ ವಸ್ತು ತಗೊಂಡು ಸುಟ್ಟುಹೋದವರು ಬಹಳ. ಅಂಥವರಿಗೆ ಅಲ್ಲಿಯ ಬೀದಿ ಮಾತಿನಲ್ಲಿದ್ದ ಹೆಸರೇ ಬರ್ನ್‌ಔಟ್. ಸ್ವಲ್ಪ ಸಮಯದಲ್ಲಿ ಅವನಿಗೆ ಕಂಡದ್ದೇನೆಂದರೆ, ಮಂಚದ ಈಚೆ ಬದಿಯಲ್ಲಿ ನಿಂತವರೂ ಹಾಗೇ ಆಗುತ್ತಿದ್ದಾರೆ. ಉತ್ಸಾಹದಿಂದ ಬಂದ ಸೇವಾಕರ್ತರು ವರ್ಷದೊಳಗೆ ಸಿಡುಕುತ್ತಾರೆ, ತಲೆನೋವು ಅಂತಾರೆ, ರೋಗಿಗಳನ್ನು ಕಂಡರೆ ಮುಖ ತಿರುಗಿಸ್ತಾರೆ. 1974ರಲ್ಲಿ ಅವನು ಈ ಬಗ್ಗೆ ಬರೆದ ಲೇಖನದಿಂದ ಪದ ವಿದ್ವಾಂಸರ ಕೈಗೆ ಬಂತು. ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮಾಸ್ಲಾಕ್ ಅದನ್ನು ಮೂರು ಎಳೆಯಾಗಿ ಬಿಡಿಸಿ, 1981ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಅಳೆಯುವ ಪ್ರಶ್ನಾವಳಿ ತಂದರು. ಮೈಮನಸ್ಸು ಬಸಿದುಹೋಗುವುದು ಒಂದು. ಎದುರಿಗಿರುವ ಮನುಷ್ಯ ಮನುಷ್ಯನಂತೆ ಕಾಣದಿರುವುದು ಇನ್ನೊಂದು. ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗ ಎನ್ನದೆ ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಪಟ್ಟಿ ಮಾಡಿತು. ಅಂದ್ರೆ ಬೇರು ಇರೋದು ಕೆಲಸದ ಜಾಗದಲ್ಲಿ. ಕಾರ್ಯಾಗಾರ ಇಡುವವರು ಈ ಒಂದು ಸಾಲನ್ನು ಸಾಮಾನ್ಯವಾಗಿ ಸ್ಲೈಡಿಗೆ ಹಾಕೋದಿಲ್ಲ.

ಪದ 1974ರದ್ದಾದರೂ ಸಂಗತಿ ಹಳೆಯದು. ಫ್ಲಾರೆನ್ಸ್ ನೈಟಿಂಗೇಲ್ ಪಾಠ ಕನ್ನಡ ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ದೀಪ ಹಿಡಿದ ದೇವತೆ, ದಣಿವರಿಯದ ಸೇವೆ. ನರ್ಸಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ದೀಪ ಹಚ್ಚಿ ಆಕೆಯ ಹೆಸರಿನ ಪ್ರತಿಜ್ಞೆ ಮಾಡಿಸ್ತಾರೆ. ಪಾಠದಲ್ಲಿ ಇಲ್ಲದ ಸಂಗತಿ ಅಂದ್ರೆ ಆಕೆ ದಣಿದಿದ್ದಳು. 1856ರಲ್ಲಿ ಕ್ರೈಮಿಯಾ ಯುದ್ಧದಿಂದ ವಾಪಸಾದ ಮರುವರ್ಷವೇ ಹಾಸಿಗೆ ಹಿಡಿದಳು. ಯುದ್ಧಭೂಮಿಯಲ್ಲಿ ಅಂಟಿದ ಜ್ವರವೇ ಕಾರಣ ಎಂದು ಅನೇಕರು ಬರೆದಿದ್ದಾರೆ. 1910ರ ತನಕ ಬದುಕಿದ್ದರೂ ಮತ್ತೆ ವಾರ್ಡಿನಲ್ಲಿ ನರ್ಸಾಗಿ ದುಡಿಯಲಿಲ್ಲ. ಮಂಚದಲ್ಲಿ ಕೂತೇ ಅಂಕಿಅಂಶ ಜೋಡಿಸಿ ಸರ್ಕಾರಗಳ ಬೆನ್ನು ಬಿದ್ದಳು. ಭಾರತಕ್ಕೆ ಒಮ್ಮೆಯೂ ಬರದೆ ಭಾರತದ ಸೈನಿಕರ ಸಾವಿನ ಲೆಕ್ಕ ತೆಗೆದಳು. ಆ ಲೆಕ್ಕದಿಂದ ಆಕೆ ಕೇಳಿದ್ದು ಚರಂಡಿ, ಗಾಳಿ, ಶುದ್ಧ ನೀರು, ಮಂಚಗಳ ನಡುವೆ ಜಾಗ. ಸೈನಿಕರಿಗೆ ಸಹನಾಶಕ್ತಿ ಬೆಳೆಸಿಕೊಳ್ಳಿ ಎಂದು ಆಕೆ ಹೇಳಿದ ದಾಖಲೆ ನನಗಂತೂ ಸಿಕ್ಕಿಲ್ಲ. 1860ರ ಜೂನ್ 24ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ 15 ಹುಡುಗಿಯರೊಂದಿಗೆ ಶುರುವಾದಾಗ ಪ್ರತಿಯೊಬ್ಬಳಿಗೂ ಮಲಗಲು ಪ್ರತ್ಯೇಕ ಕೋಣೆ ಇತ್ತು. ನಮ್ಮ ಎಷ್ಟು ನರ್ಸಿಂಗ್ ಹಾಸ್ಟೆಲ್ಲುಗಳಲ್ಲಿ ಇವತ್ತು ಅದು ಇದೆಯೋ, ಓದುಗರಲ್ಲಿ ನರ್ಸುಗಳಿದ್ದರೆ ಹೇಳಬೇಕು.

ಶಾಲೆಗಳು ಹೆಚ್ಚಿದವು, ಆಸ್ಪತ್ರೆಗಳಿಗೆ ಒಂದು ಗುಟ್ಟು ಗೊತ್ತಾಯಿತು. ವಿದ್ಯಾರ್ಥಿನಿ ಅಂದ್ರೆ ಸಂಬಳ ಕೇಳದ ಆಳು. ಅಮೆರಿಕದಲ್ಲಿ ಇಪ್ಪತ್ತನೇ ಶತಮಾನದ ಆರಂಭಕ್ಕೆ ಬಹುಪಾಲು ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ವಿದ್ಯಾರ್ಥಿನಿಯರ ದುಡಿಮೆಯ ಮೇಲೆ. ಇದನ್ನು ಬಯಲಿಗೆಳೆದವಳ ಹಿನ್ನೆಲೆ ನನಗೆ ಬಹಳ ಇಷ್ಟವಾದದ್ದು. ಜೋಸೆಫೀನ್ ಗೋಲ್ಡ್‌ಮಾರ್ಕ್ ನರ್ಸಲ್ಲ. ಆಕೆಯ ವಿಷಯ ದಣಿವು. 1908ರಲ್ಲಿ ಆರೆಗಾನ್ ರಾಜ್ಯದ ಲಾಂಡ್ರಿಗಳಲ್ಲಿ ಹೆಂಗಸರಿಗೆ ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂಬ ಕಾನೂನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಿಂತಿತಲ್ಲ, ಆ ಮೊಕದ್ದಮೆಗೆ ವಕೀಲ ಬ್ರಾಂಡೈಸ್ ಮಂಡಿಸಿದ ಪುರಾವೆಗಳನ್ನು ಗುಡ್ಡೆ ಹಾಕಿಕೊಟ್ಟವಳು ಅವನ ನಾದಿನಿ ಗೋಲ್ಡ್‌ಮಾರ್ಕ್. 1912ರಲ್ಲಿ ದಣಿವು ಮತ್ತು ದಕ್ಷತೆಯ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದಳು. ಬಟ್ಟೆ ಒಗೆಯುವವರ ದಣಿವನ್ನು ಅಳೆದ ಅದೇ ಮನುಷ್ಯಳನ್ನು ನರ್ಸಿಂಗ್ ಶಿಕ್ಷಣದ ಸಮೀಕ್ಷೆಗೆ ಹಾಕಿದರು.

1923ರಲ್ಲಿ ಬಂದ ಆ ವರದಿಯನ್ನು ಈಗಲೂ ಗೋಲ್ಡ್‌ಮಾರ್ಕ್ ವರದಿ ಅಂತಲೇ ಕರೀತಾರೆ. ಆಕೆ ಹುಡುಗಿಯರ ಗುಣಸ್ವಭಾವ ವಿಚಾರಿಸುತ್ತ ಕೂರಲಿಲ್ಲ. ದಿನಕ್ಕೆ ಎಷ್ಟು ಗಂಟೆ, ಯಾವ ಗಂಟೆಯಲ್ಲಿ ಯಾವ ಕೆಲಸ, ಅದರಲ್ಲಿ ಕಲಿಕೆ ಎಷ್ಟು, ಬರೀ ಚಾಕರಿ ಎಷ್ಟು ಎಂದು ನೋಡಿದಳು. ಕಲಿಯಬೇಕಾದ್ದನ್ನು ಕಲಿತ ಮೇಲೂ ಅದೇ ಕೆಲಸವನ್ನು ತಿಂಗಳುಗಟ್ಟಲೆ ಮಾಡಿಸುತ್ತಾರೆ, ಯಾವ ವಾರ್ಡಿಗೆ ಆಳು ಕಡಿಮೆಯೋ ಅದೇ ಆ ವಾರದ ಪಠ್ಯಕ್ರಮ ಎಂಬುದು ಆಕೆಯ ದೂರು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊಸ ಬಗೆಯ ನರ್ಸಿಂಗ್ ಶಾಲೆ ತೆರೆಯಿತು. ಅಲ್ಲಿ ವಿದ್ಯಾರ್ಥಿಯ ವಾರ್ಡಿನ ಕೆಲಸವನ್ನು ಕಲಿಕೆಗೆ ತಕ್ಕಂತೆ ಹೊಂದಿಸಿದರು. ಸಮೀಕ್ಷೆಗೂ ಈ ಶಾಲೆಗೂ ದುಡ್ಡು ಕೊಟ್ಟದ್ದು ರಾಕ್‌ಫೆಲ್ಲರ್ ಫೌಂಡೇಶನ್. 1952ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ ಕಟ್ಟಿದ್ದೂ ಅದೇ ಫೌಂಡೇಶನ್. ಕ್ಯಾಸನೂರಿನ ಜ್ವರಕ್ಕೆ ಹೆಸರು ಕೊಟ್ಟ ದುಡ್ಡು, ನರ್ಸುಗಳ ದಣಿವಿಗೆ ಲೆಕ್ಕ ಕೊಟ್ಟ ದುಡ್ಡು, ಎರಡೂ ಒಂದೇ ಗಂಟಿನಿಂದ ಬಂದದ್ದು. ಮೊದಲನೆಯದನ್ನು ನಾವು ಇಟ್ಟುಕೊಂಡೆವು. ಎರಡನೆಯದು ಸಮುದ್ರದ ಆಚೆಗೇ ಉಳೀತು.

ಇನ್ನು ಲಂಡನ್ನಿಗೆ ಬರಬೇಕು, 1950ರ ದಶಕದ ಕೊನೆಗೆ. ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿಯನ್ನು ಅಲ್ಲಿಯ ದೊಡ್ಡ ಬೋಧನಾ ಆಸ್ಪತ್ರೆಯೊಂದು ಕರೆಸಿತು. ಸಮಸ್ಯೆ ಬರೀ ಆಡಳಿತದ್ದು ಅಂದುಕೊಂಡೇ ಕರೆಸಿದ್ದು: ವಿದ್ಯಾರ್ಥಿನಿಯರನ್ನು ವಾರ್ಡುಗಳಿಗೆ ಹಂಚುವ ಲೆಕ್ಕಾಚಾರ ಕೈಕೊಡುತ್ತಿದೆ, ಸರಿಮಾಡಿಕೊಡಿ. ಮೆನ್ಜೀಸ್ ಹೋಗಿ ನೋಡಿದರೆ ಆ ಹುಡುಗಿಯರಲ್ಲಿ ಸುಮಾರು ಮೂರರಲ್ಲೊಂದು ಪಾಲು ತರಬೇತಿ ಮುಗಿಸುವ ಮೊದಲೇ ಬಿಟ್ಟುಹೋಗುತ್ತಿದ್ದಾರೆ. 1960ರ ಆಕೆಯ ಲೇಖನ ಓದಿದರೆ ನಮ್ಮಂಥವರಿಗೆ ಬೆನ್ನು ಚಳಿ ಹುಟ್ಟುತ್ತೆ. ಸಾವು, ನೋವು, ಹೊಲಸು ದಿನವೂ ಎದುರಿಗಿರುವ ಕೆಲಸದಲ್ಲಿ ಭಯ ಸಹಜ. ಆ ಭಯವನ್ನು ಆಡಿಕೊಳ್ಳಲು ಜಾಗ ಕೊಡುವ ಬದಲು ಆಸ್ಪತ್ರೆ ಒಂದು ಏರ್ಪಾಡು ಮಾಡಿಕೊಂಡಿತ್ತು. ಒಬ್ಬಳಿಗೆ ಒಬ್ಬ ರೋಗಿ ಅಂತಿಲ್ಲ. ಒಬ್ಬಳು ಎಲ್ಲರ ಜ್ವರ ನೋಡಬೇಕು, ಇನ್ನೊಬ್ಬಳು ಎಲ್ಲರ ಬೆಡ್‌ಪ್ಯಾನ್ ಎತ್ತಬೇಕು. ರೋಗಿಗೆ ಹೆಸರಿಲ್ಲ, ಹತ್ತನೇ ಮಂಚದ ಲಿವರ್ ಅನ್ನಬೇಕು. ಒಂದು ವಾರ್ಡಿಗೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದಕ್ಕೆ ವರ್ಗ. ಅತ್ತರೆ ಗದರಿಕೆ. ಭಯ ತಡೆಯಲು ಹೂಡಿದ ಈ ಏರ್ಪಾಡೇ ಹುಡುಗಿಯರನ್ನು ಒಳಗಿಂದ ಒಣಗಿಸುತ್ತಿತ್ತು ಅನ್ನೋದು ಮೆನ್ಜೀಸ್ ಕಂಡುಕೊಂಡದ್ದು. ಬಿಟ್ಟುಹೋಗುತ್ತಿದ್ದವರು ಗಟ್ಟಿ ಇಲ್ಲದವರು ಎಂದು ಯಾರಾದರೂ ಅಂದಾರು. ಆಕೆಯ ಪ್ರಕಾರ ಉಲ್ಟಾ, ಹೆಚ್ಚು ಪಕ್ವ ಮನಸ್ಸಿನವರಿಗೇ ಅಲ್ಲಿ ನಿಲ್ಲೋದು ಕಷ್ಟವಾಗುತ್ತಿತ್ತು.

ಮಾಸ್ಲಾಕ್ ಎರಡನೇ ಎಳೆ ಎಂದರಲ್ಲ, ಮನುಷ್ಯ ಮನುಷ್ಯನಂತೆ ಕಾಣದಿರೋದು, ಅದನ್ನು ಹುಡುಗಿಯರು ಮನೆಯಿಂದ ತಂದಿರಲಿಲ್ಲ. ಡ್ಯೂಟಿ ಲಿಸ್ಟಿನ ಮೂಲಕ ಆಸ್ಪತ್ರೆಯೇ ಅದನ್ನು ಕಲಿಸುತ್ತಿತ್ತು.

ನಮ್ಮ ದೇಶದ ಕಡೆ ಬಂದರೆ, ಭೋರ್ ಸಮಿತಿ 1946ರಲ್ಲಿ ಲೆಕ್ಕ ಹಾಕಿದಾಗ ಇಡೀ ಭಾರತಕ್ಕೆ ಇದ್ದ ನರ್ಸುಗಳು ಸುಮಾರು 7,000. ಅಂದ್ರೆ 43,000 ಜನಕ್ಕೆ ಒಬ್ಬಳು. 1971ರ ಹೊತ್ತಿಗೆ 500 ಜನಕ್ಕೊಬ್ಬರು ಇರಬೇಕು ಎಂದಿತು ಸಮಿತಿ. ನರ್ಸುಗಳು ದುಡಿಯುವ, ಉಳಿಯುವ ಸ್ಥಿತಿ ಕೆಟ್ಟದಾಗಿದೆ ಎಂದೂ ಬರೆಯಿತು. ಅದೇ 1946ರಲ್ಲಿ ದೆಹಲಿ, ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶುರುವಾಯಿತು, 1959ರಲ್ಲಿ ದೆಹಲಿಯಲ್ಲಿ ಎಂ.ಎಸ್ಸಿ. ನಮ್ಮಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಓದಿದವರ ಸಂಖ್ಯೆ ಹೆಚ್ಚಿತು, ಸರಿ. ಮಂಚಗಳ ಲೆಕ್ಕ ಮಾತ್ರ ಕಾಗದದಲ್ಲೇ ಉಳೀತು: ಬೋಧನಾ ಆಸ್ಪತ್ರೆಯಲ್ಲಿ 3 ಮಂಚಕ್ಕೆ, ಸಾಮಾನ್ಯ ಆಸ್ಪತ್ರೆಯಲ್ಲಿ 5 ಮಂಚಕ್ಕೆ ಒಬ್ಬ ನರ್ಸು ಇರಬೇಕು ಅನ್ನೋದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಯಾವುದಾದರೂ ಜನರಲ್ ವಾರ್ಡಿನಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತು ಎಣಿಸಿ ನೋಡಿ. ಖಾಸಗಿ ಆಸ್ಪತ್ರೆಗಳ ಸಂಬಳದ ವಿಷಯ 2016ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅದರ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಮಂಚದ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. ಜಾರಿಗೆ ತರೋದು ರಾಜ್ಯಗಳ ಕೆಲಸ. ಚಿಕ್ಕಪ್ಪನ ಮಗಳು ಎಂ.ಎಸ್ಸಿ.ಗೆ ಮುಂಚೆ ಒಂದು ವರ್ಷ ದುಡಿದಳಲ್ಲ, ಆಗ ಅವಳ ಕೈಗೆ ಬಂದದ್ದು ಇದರ ಅರ್ಧಕ್ಕೆ ಸ್ವಲ್ಪ ಮೇಲೆ.

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಯ ಕಷ್ಟಕ್ಕೆ ಇನ್ನೊಂದು ಬಗೆ ಇದೆ. ಅವಳು ಅತ್ತ ವಿದ್ಯಾರ್ಥಿ, ಇತ್ತ ಕಸುಬು ಬಲ್ಲ ನರ್ಸು, ಮೇಲಿಂದ ಅರ್ಧ ಮೇಷ್ಟ್ರು. ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆಯಾದರೆ ನೀನು ನರ್ಸಲ್ವಾ ಅಂತಾರೆ, ಹಕ್ಕಿನ ಮಾತು ಬಂದರೆ ನೀನು ವಿದ್ಯಾರ್ಥಿ ಅಂತಾರೆ. ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ಕ್ಲಾಸಿನ ತನಕ ಓದಿ ಬಂದವಳು ಇಂಗ್ಲಿಷಿನಲ್ಲಿ ಡಿಸರ್ಟೇಶನ್ ಬರೀಬೇಕು. ಆ ಡಿಸರ್ಟೇಶನ್ನುಗಳ ವಿಷಯವೋ! ನರ್ಸಿಂಗ್ ವಿದ್ಯಾರ್ಥಿಗಳ ಒತ್ತಡವನ್ನು ಪ್ರಶ್ನಾವಳಿ ಕೊಟ್ಟು ಅಳೆಯುವುದು ನಮ್ಮ ಕಾಲೇಜುಗಳಲ್ಲಿ ಬಹಳ ನೆಚ್ಚಿನ ವಿಷಯ. ನಿದ್ದೆಗೆಟ್ಟ ಎಂ.ಎಸ್ಸಿ. ಹುಡುಗಿ ನಿದ್ದೆಗೆಟ್ಟ ಬಿ.ಎಸ್ಸಿ. ಹುಡುಗಿಯರ ಹತ್ತಿರ ಹೋಗಿ, ನಿಮಗೆ ಎಷ್ಟು ಒತ್ತಡ, ಒಂದರಿಂದ ಐದರೊಳಗೆ ಟಿಕ್ ಮಾಡಿ ಅಂತಾಳೆ. ಅವರು ಮುಂದಿನ ಪಾಳಿಗೆ ಓಡುವ ಅವಸರದಲ್ಲಿ ಟಿಕ್ ಮಾಡ್ತಾರೆ. ಕೊನೆಯ ಅಧ್ಯಾಯದಲ್ಲಿ ಶಿಫಾರಸು: ವಿದ್ಯಾರ್ಥಿಗಳಿಗೆ ಯೋಗ, ಧ್ಯಾನ, ಸಮಯ ನಿರ್ವಹಣೆಯ ತರಬೇತಿ ಕೊಡಬೇಕು. ಪಾಳಿ ಬದಲಿಸಬೇಕು ಎಂದು ಬರೆಯಲು ಗೈಡ್ ಒಪ್ಪಬೇಕಲ್ಲ.

ಯೋಗ, ಧ್ಯಾನ ಬೇಡ ಅಂತ ನಾನು ಹೇಳ್ತಿಲ್ಲ. ಮಾಡಿದವರಿಗೆ ಹಗುರ ಆಗುತ್ತೆ, ಅದು ನಿಜ. ನನ್ನ ತಕರಾರು ರೆಸಿಲಿಯನ್ಸ್ ಅನ್ನೋ ಪದವನ್ನು ಬಳಸುವ ರೀತಿಯ ಮೇಲೆ. ಇದು ಇಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರುವ ಪದ. ಪಿಯುಸಿಯಲ್ಲಿ ಸ್ಥಿತಿಸ್ಥಾಪಕತ್ವ ಓದಿದ್ದು ನೆನಪಿರಬಹುದು. ತಂತಿಗೆ ಭಾರ ಹಾಕಿದರೆ ಉದ್ದವಾಗುತ್ತೆ, ತೆಗೆದರೆ ಮೊದಲಿನಂತಾಗುತ್ತೆ. ಎಷ್ಟು ಬೇಕಾದರೂ ಭಾರ ಹಾಕಬಹುದು ಅಂತ ಪುಸ್ತಕ ಹೇಳಿರಲಿಲ್ಲ. ಒಂದು ಮಿತಿ ಇತ್ತು, ಅದು ದಾಟಿದರೆ ಭಾರ ತೆಗೆದರೂ ತಂತಿ ವಾಪಸ್ ಬರುತ್ತಿರಲಿಲ್ಲ. ಇನ್ನೊಂದು, ಭಾರ ತೆಗೆದರೆ ಅನ್ನೋ ಷರತ್ತೂ ಇತ್ತು. ತೆಗೆಯದೆ ಹಾಗೇ ನೇತು ಹಾಕಿಟ್ಟು ಯಾಕೆ ಪುಟಿದೇಳಲಿಲ್ಲ ಅಂತ ತಂತಿಯನ್ನು ಯಾರೂ ಕೇಳೋದಿಲ್ಲ.

ಮನುಷ್ಯರ ವಿಷಯಕ್ಕೆ ಈ ಪದ ಹೆಸರು ಮಾಡಿದ್ದು ಬಹುಮಟ್ಟಿಗೆ ಎಮ್ಮಿ ವರ್ನರ್ ಎಂಬಾಕೆಯಿಂದ. ಹವಾಯಿಯ ಕೌಆಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಆಕೆಯೂ ಜೊತೆಗಾರರೂ ನಲವತ್ತು ವರ್ಷ ಹಿಂಬಾಲಿಸಿದರು. ಬಡತನ, ಕುಡುಕ ತಂದೆ, ಒಡೆದ ಮನೆ, ಹೀಗೆ ಹಲವು ಕಷ್ಟ ಒಟ್ಟಿಗೆ ಬಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ಚೆನ್ನಾಗಿ ಬೆಳೆದರು. ಅವರಲ್ಲಿ ಏನಿತ್ತು ಅಂತ ಹುಡುಕಿದಾಗ ಹುಟ್ಟುಗುಣವೂ ಸ್ವಲ್ಪ ಸಿಕ್ಕಿತು. ಅದರ ಜೊತೆಗೆ ಮತ್ತೆ ಮತ್ತೆ ಸಿಕ್ಕದ್ದು ಒಬ್ಬ ಅಜ್ಜಿ, ಒಬ್ಬ ಮೇಷ್ಟ್ರು, ಪಕ್ಕದ ಮನೆಯವರು, ನೆಚ್ಚಿಕೊಳ್ಳಬಹುದಾದ ಯಾರಾದರೂ ಒಬ್ಬರು. ಪುಟಿದೇಳುವ ಶಕ್ತಿ ಅಂತ ನಾವು ಕರೆಯೋದರ ದೊಡ್ಡ ಪಾಲು ಆ ಮಕ್ಕಳ ಹೊರಗಿತ್ತು.

ನಮ್ಮ ಕಡೆಯವರಿಗೆ ಇದನ್ನು ತಿಳಿಯಲು ಹವಾಯಿ ತನಕ ಹೋಗಬೇಕಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇದೆಯಲ್ಲ, ಬ್ರಿಟಿಷರ ಕಾಲದಿಂದ ಬಂದ ಹಕ್ಕು, ಒಂದು ಎಕರೆ ತೋಟಕ್ಕೆ 9 ಎಕರೆ ಬೆಟ್ಟ. ಸೊಪ್ಪು, ದರಕು ಎಲ್ಲ ಅಲ್ಲಿಂದ. ತೋಟ ವರ್ಷವರ್ಷವೂ ಫಸಲು ಕೊಡಬೇಕಾದರೆ ಅದರ ಬೆನ್ನಿಗೆ ಅದರ ಒಂಬತ್ತು ಪಾಲು ಕಾಡು ನಿಂತಿರಬೇಕು ಅನ್ನೋದು ಹಳಬರ ಲೆಕ್ಕ. ಹಾಗೇ ಮುಯ್ಯಾಳು. ಇವತ್ತು ನಿಮ್ಮನೆ ಕೊಯ್ಲಿಗೆ ನಾವು, ನಾಳೆ ನಮ್ಮನೆಗೆ ನೀವು. ಮನೆಯಲ್ಲಿ ಅಜ್ಜ ಹಾಸಿಗೆ ಹಿಡಿದರೂ ಅಷ್ಟೇ, ರಾತ್ರಿ ಕೂರೋಕೆ ಪಾಳಿ ಹಚ್ಚುತ್ತಿದ್ದರು. ಆಸ್ಪತ್ರೆಗೆ ನಿಲ್ಲೋಕೆ ಹೋದವರನ್ನು ಮೂರನೇ ದಿನಕ್ಕೆ ಬದಲಿಸದಿದ್ದರೆ ಊರಿನವರೇ ಬೈಯ್ಯುತ್ತಿದ್ದರು. ಇದೆಲ್ಲ ಚಂದವೇ ಆಗಿತ್ತು ಅಂತಲ್ಲ. ಹೆಚ್ಚಿನ ಮನೆಗಳಲ್ಲಿ ಆ ಪಾಳಿ ಸೊಸೆಯರ ಪಾಳಿಯೇ ಆಗಿರುತ್ತಿತ್ತು. ಬೆಟ್ಟಕ್ಕೆ ದರಕು ತರಲು ಹೋದವರಿಗೇ ಉಣುಗು ಹತ್ತಿ ಮಂಗನ ಕಾಯಿಲೆ ಬರುತ್ತಿದ್ದದ್ದೂ ನಿಜ.

ಯಲ್ಲಾಪುರದ ಕಡೆಯ ಉಪಕೇಂದ್ರಗಳನ್ನು ಇಲ್ಲಿ ನೆನೆಯಬೇಕು. ಸಮುದಾಯ ಆರೋಗ್ಯ ಅನ್ನೋದು ಎಂ.ಎಸ್ಸಿ. ನರ್ಸಿಂಗಿನ ಐದು ವಿಭಾಗಗಳಲ್ಲೊಂದು. ಅದನ್ನು ಆರಿಸಿಕೊಂಡವರು ಹಳ್ಳಿಗೆ ಹೋಗಲೇಬೇಕು. ಬಯಲಿನಲ್ಲಿ 5,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಉಪಕೇಂದ್ರ ಅನ್ನೋದು ಸರ್ಕಾರದ ನಿಯಮ. ಗುಡ್ಡಕ್ಕೆ ರಿಯಾಯಿತಿ ಕೊಟ್ಟಿದ್ದಾರೆ, ಒಳ್ಳೆಯದೇ. ಆದರೆ ಲೆಕ್ಕ ತಲೆಯದ್ದು, ನಡಿಗೆಯದ್ದಲ್ಲ. ಕಣಿವೆಗೊಂದು ತೋಟ, ತೋಟಕ್ಕೊಂದು ಮನೆ ಇರುವ ಊರಲ್ಲಿ ನರ್ಸಬಾಯಿ ಹಗಲಿಡೀ ನಡೆದರೂ ಹತ್ತು ಮನೆ ಮುಟ್ಟೋದು ಕಷ್ಟ. ಸಂಜೆ ಬಂದು ಮೊಬೈಲ್ ಆ್ಯಪಿಗೆ ಎಲ್ಲ ತುಂಬಬೇಕು, ನೆಟ್‌ವರ್ಕ್ ಸಿಕ್ಕರೆ. ಆ ಆ್ಯಪನ್ನು ಬರೆದವರು ನಮ್ಮಂಥವರೇ, ಏರ್ ಕಂಡೀಶನ್ ಕೋಣೆಯಲ್ಲಿ ಕೂತು. ಆಫ್‌ಲೈನಿನಲ್ಲಿ ಸೇವ್ ಆಗುವ ಹಾಗೆ ಬರೆದಿದ್ದರೆ ಅವಳಿಗೆ ದಿನಕ್ಕೆ ಒಂದು ಗಂಟೆ ನಿದ್ದೆ ಜಾಸ್ತಿ ಸಿಗುತ್ತಿತ್ತೋ ಏನೋ.

ಹಾಗಾದರೆ ಏನು ಮಾಡಬಹುದು ಅಂತ ಕೇಳಿದರೆ ಗೋಲ್ಡ್‌ಮಾರ್ಕ್ ಮಾಡಿದ್ದೇ. ಗಂಟೆ ಎಣಿಸುವುದು. ಕಾಲೇಜು ಮೊದಲು ತನ್ನ ಎಂ.ಎಸ್ಸಿ. ವಿದ್ಯಾರ್ಥಿಗಳು ಕ್ಲಾಸು, ವಾರ್ಡು, ಡಿಸರ್ಟೇಶನ್, ಹೊರಗಿನ ದುಡಿಮೆ ಎಲ್ಲ ಸೇರಿ ವಾರಕ್ಕೆ ಎಷ್ಟು ಗಂಟೆ ಎಚ್ಚರ ಇರ್ತಾರೆ ಅಂತ ಬರೆದಿಡಲಿ. ಹೊರಗೆ ದುಡಿಯದೆ ಓದುವಷ್ಟು ಸ್ಟೈಪೆಂಡ್ ಸಿಕ್ಕರೆ ಆ ಮೂರು ರಾತ್ರಿಗಳ ಅರ್ಧ ಸಮಸ್ಯೆ ಅಲ್ಲೇ ಕಳಚುತ್ತೆ. ರಾತ್ರಿ ಪಾಳಿ ಮಾಡಿದವಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಸೆಮಿನಾರ್ ಇಡದಿರಲು ದುಡ್ಡೂ ಬೇಕಾಗಿಲ್ಲ. ಮೆನ್ಜೀಸ್ ಮಾತು ಕೇಳಿದರೆ ವಾರ್ಡಿನಲ್ಲಿ ಒಬ್ಬ ರೋಗಿ ತೀರಿಕೊಂಡ ದಿನ ಅದರ ಬಗ್ಗೆ ಕೂತು ಮಾತಾಡಲು ಅರ್ಧ ಗಂಟೆ ಕೊಡುವುದು ಕಷ್ಟವೇನಲ್ಲ. ಹಿರಿಯ ಸಿಸ್ಟರ್ ಒಬ್ಬರನ್ನು ಇಡೀ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಗಂಟುಹಾಕಿದರೆ ಕೌಆಯಿಯ ಅಜ್ಜಿ ಸಿಕ್ಕಂತಾಯ್ತು. ಕಾರ್ಯಾಗಾರ ಬೇಕಾದರೆ ಇಡಲಿ, ಡ್ಯೂಟಿಯ ಹೊತ್ತಿನಲ್ಲಿ.

ಚಿಕ್ಕಪ್ಪನ ಮಗಳು ಕಾರ್ಯಾಗಾರಕ್ಕೆ ಹೋಗಿ ಬಂದಳು. ಹಾಜರಿ ಕಡ್ಡಾಯವಾಗಿತ್ತು. ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದಾಗ ಮುಂದಿನ ಎರಡು ಸಾಲಿನವರು ಅಲ್ಲೇ ನಿದ್ದೆ ಹೋದರಂತೆ. ಸಂಪನ್ಮೂಲ ವ್ಯಕ್ತಿ ಒಳ್ಳೆಯವರು, ಎಬ್ಬಿಸಲಿಲ್ಲ. ಅವಳು ಈಗ ಡಿಸರ್ಟೇಶನ್ ವಿಷಯ ಬದಲಿಸಬೇಕು ಅಂತಿದ್ದಾಳೆ. ತಮ್ಮ ಬ್ಯಾಚಿನ ಎಲ್ಲರ ಡ್ಯೂಟಿ ಲಿಸ್ಟುಗಳನ್ನು ಆರು ತಿಂಗಳ ಮಟ್ಟಿಗೆ ಒಟ್ಟು ಹಾಕಿ ಒಂದು ರಾತ್ರಿ ಪಾಳಿಗೂ ಮುಂದಿನ ಕ್ಲಾಸಿಗೂ ನಡುವೆ ಎಷ್ಟು ಗಂಟೆ ಸಿಗುತ್ತೆ ಎಂದು ಲೆಕ್ಕ ತೆಗೆಯುವ ಯೋಚನೆ. ಗೈಡ್ ಇನ್ನೂ ಹೂಂ ಅಂದಿಲ್ಲ. ಎಕ್ಸೆಲ್ ಶೀಟ್ ನಾನು ಮಾಡಿಕೊಡ್ತೇನೆ ಅಂದಿದ್ದೇನೆ. ಉಣುಗಿನ ಕಾಲ ಡಿಸೆಂಬರಿಗೆ ಶುರು. ಆ ತಿಂಗಳ ಲಿಸ್ಟು ನವೆಂಬರ್ ಕೊನೆಯ ವಾರ ನೋಟಿಸ್ ಬೋರ್ಡಿಗೆ ಬೀಳುತ್ತೆ, ಫೋಟೋ ತೆಗೆದು ಕಳಿಸ್ತಾಳಂತೆ.